ಎರಡನೆಯ ಸಲ ಬರೆದ ಪರೀಕ್ಷೆಯ ಅಂಕ

ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದಾಗಲೆಲ್ಲ, ಒಳ್ಳೆಯ ರ‍್ಯಾಂಕ್ ಪಡೆದ ಕೆಲವರ ಬಗ್ಗೆ ಒಂದು ಮಾತು ಕೇಳಿಬಂದೇ ಬರುತ್ತದೆ: ‘ಅವಳು ರಿಪೀಟರ್ ಅಲ್ಲವೇ, ಬರಲೇಬೇಕು.’ ಹೇಳುವವರು ಅದನ್ನು ಹೇಳಿ ಮರೆಯುತ್ತಾರೆ, ಆದರೆ ಕೇಳಿಸಿಕೊಂಡವರ ಮನಸ್ಸಿನಲ್ಲಿ ಅದು ಉಳಿದುಬಿಡುತ್ತದೆ. ಮೊದಲ ಸಲವೇ ಬರೆದ ಇನ್ನೊಬ್ಬರಿಗೆ ಸಲ್ಲಬೇಕಾಗಿದ್ದ ಸೀಟನ್ನು ನೀನು ಕಿತ್ತುಕೊಂಡೆ ಎಂಬ ಆರೋಪ ಆ ಮಾತಿನೊಳಗಿದೆ. ಈ ಆರೋಪವನ್ನು ಅಸೂಯೆ ಎಂದು ತಳ್ಳಿಹಾಕುವುದು ನನಗೆ ಸರಿಯೆನಿಸುವುದಿಲ್ಲ. ಸೀಟುಗಳ ಸಂಖ್ಯೆ ನಿಗದಿಯಾಗಿರುವ ಕಡೆ ಒಬ್ಬರ ಮೂರು ಅಂಕದ ಏರಿಕೆ ಮತ್ತೊಬ್ಬರ ಇಳಿಕೆಯೇ ಆಗುತ್ತದೆ. ಹಾಗಿರುವಾಗ ಆ ಮೂರು ಅಂಕ ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ಇಳಿದವರಿಗೆ ಖಂಡಿತ ಇದೆ. ಆದರೆ ಆ ಪ್ರಶ್ನೆಯನ್ನು ರಿಪೀಟರುಗಳಿಗೆ ಕೇಳುವುದು ವಿಳಾಸ ತಪ್ಪಿದ ಪತ್ರದಂತೆ ಎಂದು ನಾನು ಬಹುಕಾಲದಿಂದ ನಂಬಿದ್ದೇನೆ. ಅದನ್ನು ಕೇಳಬೇಕಾದದ್ದು ಅಂಕಗಳನ್ನು ಎಣಿಸುವ ನಿಯಮವನ್ನು ಬರೆದವರಿಗೆ.

ಯಾವ ಪರೀಕ್ಷೆಯೂ ಅಭ್ಯರ್ಥಿಯ ಸಾಮರ್ಥ್ಯವನ್ನು ಕೂದಲೆಳೆಯಷ್ಟು ನಿಖರವಾಗಿ ಅಳೆಯುವುದಿಲ್ಲ. ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶಕ್ಕೆ 1948ರಿಂದ ನಡೆಯುತ್ತಿರುವ ಎಲ್‌ಸ್ಯಾಟ್ ಪರೀಕ್ಷೆಯನ್ನೇ ನೋಡಿ. ಅದರ ಅಂಕಗಳು 120ರಿಂದ 180ರವರೆಗೆ ಇರುತ್ತವೆ, ಮತ್ತು ಅಂಕದ ಜೊತೆಗೆ ‘ನಿಮ್ಮ ನಿಜವಾದ ಮಟ್ಟ ಇಷ್ಟರಿಂದ ಇಷ್ಟರೊಳಗೆ ಇರಬಹುದು’ ಎಂಬ ಒಂದು ವ್ಯಾಪ್ತಿಯನ್ನೂ ಪರೀಕ್ಷಾ ಸಂಸ್ಥೆಯೇ ಕೊಡುತ್ತದೆ. ಅದರ ಅಳತೆಯ ದೋಷ ಸುಮಾರು 2.6 ಅಂಕ. ಎಂದರೆ ಒಬ್ಬ ಅಭ್ಯರ್ಥಿಯ ನಿಜವಾದ ಮಟ್ಟ 155 ಆಗಿದ್ದರೂ, ನಿದ್ದೆ ಸರಿಯಾಗಿ ಆಗಿತ್ತೇ, ಓದುಗ್ರಹಿಕೆಯ ಭಾಗದಲ್ಲಿ ಪರಿಚಿತ ವಿಷಯ ಬಂತೇ, ಊಹಿಸಿ ಬರೆದ ನಾಲ್ಕು ಉತ್ತರಗಳಲ್ಲಿ ಎಷ್ಟು ಸರಿಯಾದವು ಎಂಬುದರ ಮೇಲೆ ಆ ದಿನದ ಅಂಕ 152 ಆಗಬಹುದು, 158ಕ್ಕೂ ಏರಬಹುದು. ಇಂಥ ಅಳತೆಯನ್ನು ಒಂದೇ ಸಲ ತೆಗೆದು ಒಬ್ಬರ ವೃತ್ತಿಜೀವನವನ್ನು ತೀರ್ಮಾನಿಸುವುದೇ ನ್ಯಾಯ ಎಂದು ಯಾರಾದರೂ ವಾದಿಸಿದರೆ ನನಗೆ ಒಪ್ಪಲಾಗುವುದಿಲ್ಲ. ರಕ್ತದೊತ್ತಡದ ಒಂದು ಅಳತೆ ಅನುಮಾನಾಸ್ಪದವಾಗಿದ್ದರೆ ವೈದ್ಯರು ಎರಡನೆಯ ಸಲ ನೋಡುತ್ತಾರೆ. ವೈದ್ಯರಾಗಬಯಸುವವರಿಗೆ ಆ ಅವಕಾಶ ಬೇಡವೆನ್ನಲು ಕಾರಣವಿಲ್ಲ.

ಹಾಗಾದರೆ ಅನ್ಯಾಯ ಎಲ್ಲಿ ಹುಟ್ಟುತ್ತದೆ? ಎರಡು ಅಳತೆಗಳನ್ನು ತೆಗೆದುಕೊಂಡ ಮೇಲೆ ಅವುಗಳಲ್ಲಿ ದೊಡ್ಡದನ್ನು ಮಾತ್ರ ಇಟ್ಟುಕೊಂಡು ಚಿಕ್ಕದನ್ನು ಎಸೆದಾಗ. ಇದನ್ನು ಲೆಕ್ಕದಲ್ಲಿಯೇ ತೋರಿಸಬಹುದು. ಸಾಮರ್ಥ್ಯ ಒಂದಿಷ್ಟೂ ಬದಲಾಗದ, ಎರಡು ಪರೀಕ್ಷೆಗಳ ನಡುವೆ ಒಂದು ಪುಟವನ್ನೂ ಓದದ ಅಭ್ಯರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅಳತೆಯ ದೋಷ 2.6 ಅಂಕ, ಮತ್ತು ಅದು ಸಂಖ್ಯಾಶಾಸ್ತ್ರದ ಸಾಮಾನ್ಯ ವಿತರಣೆಯಂತೆ ಹಂಚಿಕೆಯಾಗಿದೆ ಎಂದಿಟ್ಟುಕೊಂಡರೆ, ಎರಡು ಸಲ ಬರೆದು ಗರಿಷ್ಠ ಅಂಕವನ್ನು ಆರಿಸಿಕೊಳ್ಳುವ ಅವಕಾಶದಿಂದಲೇ ಅವನಿಗೆ ಸರಾಸರಿ ಒಂದೂವರೆ ಅಂಕದಷ್ಟು ಲಾಭ ಸಿಗುತ್ತದೆ. ಮೂರು ಸಲ ಬರೆದರೆ ಆ ಲಾಭ 2.2 ಅಂಕಕ್ಕೆ ಏರುತ್ತದೆ, ಐದು ಸಲ ಬರೆದರೆ 3 ಅಂಕ. ಎಲ್‌ಸ್ಯಾಟ್‌ನ ನಡುಮಟ್ಟದಲ್ಲಿ ಮೂರು ಅಂಕವೆಂದರೆ ಸುಮಾರು ಹತ್ತು ಪರ್ಸೆಂಟೈಲಿನ ವ್ಯತ್ಯಾಸ. ಕಲಿಕೆಯಿಂದಾಗಲಿ ಪ್ರತಿಭೆಯಿಂದಾಗಲಿ ಬಂದ ಅಂಕಗಳಲ್ಲ ಇವು, ಬರೆದ ಸಲಗಳ ಸಂಖ್ಯೆಯೊಂದರಿಂದಲೇ ಬಂದವು. ಇದಕ್ಕೆ ಬದಲಾಗಿ ಎರಡೂ ಅಂಕಗಳ ಸರಾಸರಿಯನ್ನು ತೆಗೆದುಕೊಂಡಿದ್ದರೆ ಈ ಲಾಭವೂ ಇರುತ್ತಿರಲಿಲ್ಲ, ಅಳತೆಯ ದೋಷವೂ 2.6ರಿಂದ 1.8ಕ್ಕೆ ಇಳಿಯುತ್ತಿತ್ತು. ಎರಡನೆಯ ಪರೀಕ್ಷೆ ಅಳತೆಯನ್ನು ಹೆಚ್ಚು ನಿಖರವಾಗಿಸಬಲ್ಲದು. ಗರಿಷ್ಠ ಅಂಕದ ನಿಯಮವಾದರೋ ಆ ನಿಖರತೆಯನ್ನು ಕೈಬಿಟ್ಟು ಅದೃಷ್ಟವನ್ನು ಉಳಿಸಿಕೊಳ್ಳುತ್ತದೆ.

ಇಷ್ಟು ಸರಳವಾದ ಲೆಕ್ಕ ಕಾಲೇಜುಗಳಿಗೆ ತಿಳಿಯದ್ದೇನಲ್ಲ. ಅಮೆರಿಕದ ಕಾನೂನು ಕಾಲೇಜುಗಳು ಬಹುಕಾಲ ಮರಳಿ ಬರೆದವರ ಸರಾಸರಿ ಅಂಕವನ್ನೇ ಮುಖ್ಯವಾಗಿ ನೋಡುತ್ತಿದ್ದವು. 2006ರಲ್ಲಿ, ಆ ಕಾಲೇಜುಗಳಿಗೆ ಮಾನ್ಯತೆ ಕೊಡುವ ಅಮೆರಿಕನ್ ಬಾರ್ ಅಸೋಸಿಯೇಷನ್ ತನ್ನ ಅಂಕಿಅಂಶ ವರದಿಯ ಪದ್ಧತಿಯನ್ನು ಬದಲಿಸಿತು. ಪ್ರವೇಶ ಪಡೆದವರ ಸರಾಸರಿ ಅಂಕದ ಬದಲು ಅವರ ಗರಿಷ್ಠ ಅಂಕವನ್ನು ವರದಿ ಮಾಡುವ ಕ್ರಮ ಬಂತು. ಕಾಲೇಜುಗಳ ರ‍್ಯಾಂಕಿಂಗ್ ಪಟ್ಟಿಗಳು ಇಂಥ ಅಂಕಿಅಂಶಗಳ ಮೇಲೆ ನಿಂತಿರುವುದರಿಂದ, ಅಂದಿನಿಂದ ಅಭ್ಯರ್ಥಿಯ ಗರಿಷ್ಠ ಅಂಕವನ್ನು ನೋಡುವುದೇ ಕಾಲೇಜಿಗೂ ಲಾಭವಾಯಿತು. ಮೊದಲ ಸಲದ 150 ಮತ್ತು ಮೂರನೆಯ ಸಲದ 162 ಎರಡೂ ಕಡತದಲ್ಲಿದ್ದರೂ ಕಾಲೇಜಿನ ವರದಿಗೆ ಹೋಗುವುದು 162. ಮರಳಿ ಬರೆಯುವುದು ನ್ಯಾಯವೇ ಎಂಬ ಪ್ರಶ್ನೆಗೆ ಒಂದಿಡೀ ದೇಶದಲ್ಲಿ ಉತ್ತರ ಬದಲಾದದ್ದು ಹೀಗೆ, ವರದಿಯ ಒಂದು ಅಂಕಣ ಬದಲಾದದ್ದರಿಂದ. ಅಭ್ಯರ್ಥಿಗಳು ಆ ನಿಯಮಕ್ಕೆ ತಕ್ಕಂತೆ ನಡೆದುಕೊಂಡರು, ಅಷ್ಟೆ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಮತ್ತೆ ಬರೆಯುತ್ತಿದ್ದೆ, ನನ್ನ ಮಕ್ಕಳಿಗೂ ಬರೆಯಿರಿ ಎಂದೇ ಹೇಳುತ್ತಿದ್ದೆ.

ಆದರೆ ಎರಡನೆಯ ಸಲ ಅಂಕ ಏರುವುದು ಅದೃಷ್ಟದಿಂದ ಮಾತ್ರವಲ್ಲ. ಪ್ರವೇಶ ಪರೀಕ್ಷೆಗೆ ಸಿದ್ಧರಾಗುವ ಮಕ್ಕಳ ಅಣಕು ಪರೀಕ್ಷೆಗಳಲ್ಲಿ ನಾನು ಮೇಲ್ವಿಚಾರಕನಾಗಿ ಕೂತದ್ದುಂಟು. ಮೊದಲ ಸಲ ಬರೆಯುವವರನ್ನೂ ಮರಳಿ ಬರೆಯುವವರನ್ನೂ ಅವರ ಮುಖ ನೋಡದೆ, ಕೈಗಳನ್ನಷ್ಟೇ ನೋಡಿ ಗುರುತಿಸಬಹುದು. ಮೊದಲ ಸಲದ ಹುಡುಗ ಕಷ್ಟದ ಲೆಕ್ಕವೊಂದಕ್ಕೆ ಸಿಕ್ಕಿಹಾಕಿಕೊಂಡರೆ ಅದನ್ನು ಬಿಡುವುದು ಸೋಲೆಂದು ಭಾವಿಸುತ್ತಾನೆ. ರಫ್ ಶೀಟಿನ ಮೂಲೆ ತುಂಬುತ್ತದೆ, ಅಳಿಸುತ್ತಾನೆ, ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ. ತಲೆಯೆತ್ತಿ ಗಡಿಯಾರ ನೋಡುವ ಹೊತ್ತಿಗೆ ಆರೇಳು ನಿಮಿಷ ಹೋಗಿರುತ್ತವೆ. ಮರಳಿ ಬರೆಯುವ ಹುಡುಗಿ ಅದೇ ಲೆಕ್ಕವನ್ನು ಓದುತ್ತಾಳೆ, ಪ್ರಶ್ನೆಯ ಸಂಖ್ಯೆಗೆ ಒಂದು ಸುತ್ತು ಹಾಕುತ್ತಾಳೆ, ಮುಂದಕ್ಕೆ ಹೋಗುತ್ತಾಳೆ. ಉತ್ತರಗಳನ್ನು ಒಂದೊಂದಾಗಿ ಗುರುತು ಮಾಡಬೇಕೇ, ಪುಟ ಮುಗಿದ ಮೇಲೆ ಒಟ್ಟಿಗೆ ಮಾಡಬೇಕೇ ಎಂಬುದನ್ನು ಅವಳು ಮೊದಲೇ ತೀರ್ಮಾನಿಸಿಕೊಂಡಿರುತ್ತಾಳೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಲ್ಲಿ ಎಲ್ಲಿ ಊಹಿಸಬೇಕು, ಎಲ್ಲಿ ಖಾಲಿ ಬಿಡಬೇಕು ಎಂಬ ಲೆಕ್ಕಾಚಾರ ಅವಳ ಬೆರಳ ತುದಿಯಲ್ಲಿರುತ್ತದೆ. ರಸಾಯನಶಾಸ್ತ್ರ ಇಬ್ಬರಿಗೂ ಒಂದೇ ಮಟ್ಟದಲ್ಲಿ ಗೊತ್ತಿದೆ ಎಂದಿಟ್ಟುಕೊಂಡರೂ ಅಂಕ ಒಂದೇ ಬರುವುದಿಲ್ಲ.

ಸಂಶೋಧನೆಯೂ ಇದನ್ನೇ ಹೇಳುತ್ತದೆ. ಬುದ್ಧಿಸಾಮರ್ಥ್ಯದ ಆಯ್ಕೆ ಪರೀಕ್ಷೆಗಳನ್ನು ಮರಳಿ ಬರೆಯುವ ಬಗ್ಗೆ ಅದುವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ, ಮರಳಿ ಬರೆದವರ ಅಂಕ ಸರಾಸರಿ ಕಾಲು ಪ್ರಮಾಣ ವಿಚಲನೆಯಷ್ಟು, ಎಂದರೆ ಎಲ್ಲರ ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಹರಡಿರುತ್ತವೆಯೋ ಅದರ ಕಾಲು ಭಾಗದಷ್ಟು, ಏರುತ್ತದೆ ಎಂದು ಕಂಡುಕೊಂಡಿತು. ಹಾಗೆ ಏರಿದ್ದರಲ್ಲಿ ಎಷ್ಟು ಭಾಗ ವಿಷಯಜ್ಞಾನ, ಎಷ್ಟು ಭಾಗ ಪರೀಕ್ಷೆಯ ಪರಿಚಯ ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಆದರೆ ಪರೀಕ್ಷೆಯ ಪರಿಚಯ ಎಂಬುದು ಹಣವಿದ್ದವರಿಗೆ ಮೊದಲ ಸಲವೇ ಸಿಗುವಂಥದ್ದು ಎಂಬುದನ್ನು ಇಲ್ಲಿ ಮರೆಯಬಾರದು. ಕೋಚಿಂಗ್ ಕೇಂದ್ರದಲ್ಲಿ ವಾರಕ್ಕೊಂದು ಪೂರ್ಣಾವಧಿಯ ಅಣಕು ಪರೀಕ್ಷೆ ಬರೆದು ಬಂದವರು ಲೆಕ್ಕಕ್ಕೆ ಮಾತ್ರ ಮೊದಲ ಸಲದವರು. ಅಂಥ ಯಾವ ತಯಾರಿಯೂ ಇಲ್ಲದೆ ಶಾಲೆಯ ಪಾಠವನ್ನಷ್ಟೇ ನಂಬಿ ಬಂದವರಿಗೆ, ನಿಜವಾದ ಪರೀಕ್ಷೆ ಹೇಗಿರುತ್ತದೆ ಎಂದು ತೋರಿಸಿಕೊಡುವುದು ಅವರ ಮೊದಲ ಪ್ರಯತ್ನವೇ. ಅವರು ಎರಡನೆಯ ಸಲ ಬರೆಯುವಾಗ ಮುಂದೆ ಹೋಗುತ್ತಿಲ್ಲ, ಉಳಿದವರು ಮೊದಲೇ ನಿಂತಿದ್ದ ಜಾಗಕ್ಕೆ ಬಂದು ಸೇರುತ್ತಿದ್ದಾರೆ. ಈ ಒಂದು ಕಾರಣಕ್ಕಾಗಿಯೇ, ಮರಳಿ ಬರೆಯುವುದನ್ನು ನಿಷೇಧಿಸಿದರೆ ಬಡವರಿಗೆ ನ್ಯಾಯ ಸಿಗುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ.

ಆದರೂ ಆ ಅವಕಾಶವನ್ನು ನಿಜವಾಗಿ ಬಳಸಿಕೊಳ್ಳುವವರು ಯಾರು ಎಂದು ನೋಡಿದರೆ ಮನಸ್ಸು ಭಾರವಾಗುತ್ತದೆ. ಅಮೆರಿಕದ ಮೂವರು ಅರ್ಥಶಾಸ್ತ್ರಜ್ಞರು ಪದವಿ ಕಾಲೇಜುಗಳ ಪ್ರವೇಶಕ್ಕೆ ಬೇಕಾದ ಸ್ಯಾಟ್ ಪರೀಕ್ಷೆಯ ಬಗ್ಗೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದು ವೃತ್ತಿಪರ ಕೋರ್ಸಿನ ಪರೀಕ್ಷೆಯಲ್ಲದಿದ್ದರೂ ಇಲ್ಲಿಗೆ ಪೂರ್ತಿ ಅನ್ವಯಿಸುತ್ತದೆ. 1100, 1200 ಎಂಬಂಥ ನೂರರ ಗಡಿಯನ್ನು ಒಂದಿಷ್ಟರಲ್ಲಿ ತಪ್ಪಿಸಿಕೊಂಡವರು, ಗಡಿಯನ್ನು ಮುಟ್ಟಿದವರಿಗಿಂತ ಹೆಚ್ಚಾಗಿ ಮತ್ತೆ ಬರೆಯುತ್ತಾರೆ ಎಂಬುದನ್ನು ಅವರು ಗಮನಿಸಿದರು. ಸಾಮರ್ಥ್ಯದಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುವ ಈ ಎರಡು ಗುಂಪುಗಳನ್ನು ಹೋಲಿಸಿ, ಮರಳಿ ಬರೆಯುವುದರಿಂದ ಅಂಕವೂ ಏರುತ್ತದೆ, ನಾಲ್ಕು ವರ್ಷದ ಪದವಿಗೆ ಸೇರುವ ಸಾಧ್ಯತೆಯೂ ಏರುತ್ತದೆ ಎಂದು ತೋರಿಸಿದರು. ಆದರೆ ಕಡಿಮೆ ಆದಾಯದ ಕುಟುಂಬಗಳ ಮಕ್ಕಳು ಮತ್ತೆ ಬರೆಯುವುದೇ ಕಡಿಮೆ. ಎಲ್ಲ ವರ್ಗದವರೂ ಒಂದೇ ಪ್ರಮಾಣದಲ್ಲಿ ಮರಳಿ ಬರೆದಿದ್ದರೆ, ಪದವಿಗೆ ಸೇರುವುದರಲ್ಲಿ ಆದಾಯದಿಂದಾಗಿ ಉಂಟಾಗಿರುವ ಅಂತರದಲ್ಲಿ ಶೇಕಡಾ 10ರವರೆಗೆ ಮುಚ್ಚಬಹುದಿತ್ತು ಎಂಬುದು ಅವರ ಅಂದಾಜು. ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ನಿಯಮಾವಳಿಯಲ್ಲಿ ಬರೆದಿದ್ದರೆ ಸಾಲದು.

ಪರೀಕ್ಷೆ ವರ್ಷಕ್ಕೆ ಎಷ್ಟು ಸಲ ನಡೆಯುತ್ತದೆ ಎಂಬುದರ ಮೇಲೆಯೂ ಈ ಅಂತರದ ಅಗಲ ನಿಂತಿದೆ. ಎಲ್‌ಸ್ಯಾಟ್‌ನಂಥ ಪರೀಕ್ಷೆಯನ್ನು ಮರಳಿ ಬರೆಯಲು ಬೇಕಾಗುವುದು ಶುಲ್ಕ ಮತ್ತು ಕೆಲವು ವಾರಗಳ ಸಮಯ. ಭಾರತದ ವೈದ್ಯಕೀಯ ಪ್ರವೇಶದ ನೀಟ್ ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ, ಆದ್ದರಿಂದ ಅಲ್ಲಿ ಮರಳಿ ಬರೆಯುವುದೆಂದರೆ ಬದುಕಿನ ಒಂದು ವರ್ಷವನ್ನು ಕೊಡುವುದು. ಮನೆಗೆ ಸಂಪಾದನೆ ತರಬೇಕಾದ ಮಗನಿಗೆ, ‘ಈ ವರ್ಷ ಆಗದಿದ್ದರೆ ಮದುವೆ’ ಎಂದು ಹೇಳಿಸಿಕೊಂಡ ಮಗಳಿಗೆ ಆ ವರ್ಷ ಸಿಗುವುದಿಲ್ಲ. ನೀಟ್‌ನ ಪರಿಣಾಮಗಳನ್ನು ಪರಿಶೀಲಿಸಲು ತಮಿಳುನಾಡು ಸರ್ಕಾರ ನ್ಯಾಯಮೂರ್ತಿ ಎ. ಕೆ. ರಾಜನ್ ಅವರ ನೇತೃತ್ವದಲ್ಲಿ ರಚಿಸಿದ್ದ ಸಮಿತಿ 2021ರಲ್ಲಿ ಕೊಟ್ಟ ವರದಿಯ ಪ್ರಕಾರ, ಆ ರಾಜ್ಯದಲ್ಲಿ ಎಂಬಿಬಿಎಸ್ ಸೀಟು ಪಡೆದವರಲ್ಲಿ ಮರಳಿ ಪರೀಕ್ಷೆ ಬರೆದವರ ಪಾಲು 2016-17ರಲ್ಲಿ ಶೇಕಡಾ 12.47 ಇದ್ದದ್ದು 2020-21ರ ಹೊತ್ತಿಗೆ ಶೇಕಡಾ 71.42ಕ್ಕೆ ಏರಿತ್ತು. ಪರೀಕ್ಷೆ ಬೇಕೇ ಬೇಡವೇ ಎಂಬ ರಾಜಕೀಯ ವಾದವನ್ನು ಪಕ್ಕಕ್ಕಿಟ್ಟು ಈ ಒಂದು ಸಂಖ್ಯೆಯನ್ನು ಮಾತ್ರ ನೋಡಿದರೂ, ಹನ್ನೆರಡನೆಯ ತರಗತಿ ಮುಗಿಸಿದ ಕೂಡಲೇ ವೈದ್ಯಕೀಯಕ್ಕೆ ಸೇರುವುದು ಅಲ್ಲಿ ಅಪವಾದವಾಗುತ್ತಾ ಬಂದದ್ದು ಕಾಣುತ್ತದೆ. ಮರಳಿ ಬರೆಯುವುದು ಒಂದು ಆಯ್ಕೆಯಾಗಿದ್ದಾಗ ಅದು ಸಹಾಯ. ಅದು ಎಲ್ಲರೂ ತೆರಬೇಕಾದ ಸುಂಕವಾದಾಗ, ತೆರಲಾಗದವರು ಮೊದಲೇ ಹೊರಗುಳಿಯುತ್ತಾರೆ.

ಪರೀಕ್ಷಾ ಸಂಸ್ಥೆಗಳು ಇದಕ್ಕೆ ಕೊಟ್ಟಿರುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಬ್ರಿಟನ್ನಿನ ವೈದ್ಯಕೀಯ ಪ್ರವೇಶದ ಯುಕ್ಯಾಟ್ ಪರೀಕ್ಷೆಯನ್ನು ಒಂದು ವರ್ಷದ ಪ್ರವೇಶಕ್ಕೆ ಒಂದೇ ಸಲ ಬರೆಯಬಹುದು, ಆ ಅಂಕ ಆ ವರ್ಷಕ್ಕೆ ಮಾತ್ರ ಸಲ್ಲುತ್ತದೆ. ಅಮೆರಿಕದ ಎಂಕ್ಯಾಟ್ ಒಂದು ವರ್ಷದಲ್ಲಿ ಮೂರು ಸಲ, ಎರಡು ವರ್ಷಗಳಲ್ಲಿ ನಾಲ್ಕು ಸಲ, ಜೀವಮಾನದಲ್ಲಿ ಏಳು ಸಲ ಎಂದು ಮಿತಿ ಹಾಕಿದೆ. ಎಲ್‌ಸ್ಯಾಟ್ 2017ರಲ್ಲಿ ಮಿತಿಯನ್ನು ತೆಗೆದುಹಾಕಿ 2019ರಲ್ಲಿ ಮತ್ತೆ ತಂದಿತು. ಭಾರತದಲ್ಲಿ ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ 2019ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತಿದ್ದು, ಎರಡು ಸಲ ಬರೆದವರ ಉತ್ತಮ ಅಂಕವನ್ನು ಪರಿಗಣಿಸುತ್ತದೆ. ನೀಟ್‌ಗೆ ಮೂರೇ ಪ್ರಯತ್ನ ಎಂದು 2017ರಲ್ಲಿ ಪ್ರಕಟಿಸಿದ ನಿಯಮ ಮುಂದೆ ಉಳಿಯಲಿಲ್ಲ, ಈಗ ಅಲ್ಲಿ ಪ್ರಯತ್ನಗಳಿಗೂ ಮಿತಿಯಿಲ್ಲ, ಗರಿಷ್ಠ ವಯಸ್ಸಿಗೂ ಮಿತಿಯಿಲ್ಲ. ಇವುಗಳಲ್ಲಿ ಯಾವುದೇ ಒಂದನ್ನು ಆರಿಸಿಕೊಂಡರೂ ಸಮರ್ಥಿಸಬಹುದು. ಸಮರ್ಥಿಸಲಾಗದ್ದು ಒಂದೇ: ಆಟ ಶುರುವಾದ ಮೇಲೆ ನಿಯಮ ಬದಲಿಸುವುದು. ಐಐಟಿಗಳ ಪ್ರವೇಶದ ಜೆಇಇ ಅಡ್ವಾನ್ಸ್ಡ್ ಪರೀಕ್ಷೆಗೆ ಎರಡರ ಬದಲು ಮೂರು ಪ್ರಯತ್ನಗಳ ಅವಕಾಶವಿದೆ ಎಂದು 2024ರ ನವೆಂಬರ್ 5ರಂದು ಪ್ರಕಟಿಸಿ, ನವೆಂಬರ್ 18ರಂದು ಅದನ್ನು ಹಿಂತೆಗೆದುಕೊಳ್ಳಲಾಯಿತು. ಆ ನಡುವಿನ ದಿನಗಳಲ್ಲಿ ಪ್ರಕಟಣೆಯನ್ನು ನಂಬಿ ಸೇರಿದ್ದ ಕಾಲೇಜನ್ನೇ ಬಿಟ್ಟವರಿದ್ದರು. ಅವರಿಗೆ ಪರೀಕ್ಷೆ ಬರೆಯಲು ಬಿಡಬೇಕೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಬೇಕಾಯಿತು.

ಕರ್ನಾಟಕದಲ್ಲಿ 2022ರ ಸಿಇಟಿ ಸಮಯದಲ್ಲಿ ನಡೆದದ್ದೂ ಇದೇ ಜಾತಿಗೆ ಸೇರಿದ್ದು. ಹಿಂದಿನ ವರ್ಷ ಕೋವಿಡ್ ಕಾರಣದಿಂದ ವಾರ್ಷಿಕ ಪರೀಕ್ಷೆಯಿಲ್ಲದೆ ದ್ವಿತೀಯ ಪಿಯುಸಿ ತೇರ್ಗಡೆಯಾಗಿ, 2022ರಲ್ಲಿ ಸಿಇಟಿಯನ್ನು ಮರಳಿ ಬರೆದ ಸುಮಾರು 24 ಸಾವಿರ ವಿದ್ಯಾರ್ಥಿಗಳ ಪಿಯುಸಿ ಅಂಕಗಳನ್ನು ರ‍್ಯಾಂಕಿಗೆ ಪರಿಗಣಿಸಲೇ ಇಲ್ಲ. ಉಳಿದವರಿಗೆ ಸಿಇಟಿ ಮತ್ತು ಪಿಯುಸಿ ಅಂಕಗಳು ಅರ್ಧರ್ಧ, ಇವರಿಗೆ ಸಿಇಟಿ ಮಾತ್ರ. ಹೈಕೋರ್ಟಿನ ಏಕಸದಸ್ಯ ಪೀಠ ಆ ಕ್ರಮವನ್ನು ರದ್ದುಪಡಿಸಿತು. ಸರ್ಕಾರದ ಮೇಲ್ಮನವಿಯ ಹಂತದಲ್ಲಿ, ಅವರ ಪಿಯುಸಿ ಅಂಕಗಳಲ್ಲಿ ಒಂದಿಷ್ಟನ್ನು ಕಡಿತಗೊಳಿಸಿ ಪರಿಗಣಿಸುವ ಸೂತ್ರಕ್ಕೆ ಒಪ್ಪಿಗೆ ಸಿಕ್ಕಿತು, ಹೊಸ ರ‍್ಯಾಂಕ್ ಪಟ್ಟಿ ಬಂದದ್ದು ಅಕ್ಟೋಬರಿನಲ್ಲಿ. ಆ ವಿವಾದದಲ್ಲಿ ಎರಡೂ ಕಡೆಯವರಿಗೆ ನಿಜವಾದ ನೋವಿತ್ತು. ಪರೀಕ್ಷೆ ಬರೆದು ಪಿಯುಸಿ ಅಂಕ ಗಳಿಸಿದವರು, ಬರೆಯದೆ ಬಂದ ಅಂಕಗಳ ಜೊತೆ ಪೈಪೋಟಿ ಮಾಡುವುದು ಹೇಗೆ ಎಂದು ಕೇಳಿದ್ದರಲ್ಲಿ ಅರ್ಥವಿತ್ತು. ಆದರೆ ಪರೀಕ್ಷೆ ರದ್ದಾದದ್ದು ಈ ಮಕ್ಕಳ ತಪ್ಪಲ್ಲ, ಮರಳಿ ಬರೆಯುವುದಕ್ಕೆ ಅವಕಾಶ ಕೊಟ್ಟ ನಿಯಮವನ್ನು ನಂಬಿದ್ದು ಕೂಡ ತಪ್ಪಲ್ಲ.

ಆಯ್ಕೆಯ ಪರೀಕ್ಷೆಗೂ ಅರ್ಹತೆಯ ಪರೀಕ್ಷೆಗೂ ಇರುವ ವ್ಯತ್ಯಾಸವನ್ನು ಈ ಚರ್ಚೆಯಲ್ಲಿ ಮರೆಯುವವರೇ ಹೆಚ್ಚು. ಅಮೆರಿಕದಲ್ಲಿ ವೈದ್ಯರಿಗೆ ಪರವಾನಗಿ ಕೊಡುವ ಯುಎಸ್‌ಎಂಎಲ್‌ಇ ಪರೀಕ್ಷೆಯಲ್ಲಿ ನಪಾಸಾದವರು ಮತ್ತೆ ಬರೆಯಬಹುದು, ಆದರೆ ಒಂದು ಹಂತದಲ್ಲಿ ಪಾಸಾದ ಮೇಲೆ ಅಂಕ ಹೆಚ್ಚಿಸಿಕೊಳ್ಳಲೆಂದು ಅದನ್ನು ಮತ್ತೆ ಬರೆಯುವಂತಿಲ್ಲ. ಅಲ್ಲಿನ ಪ್ರಶ್ನೆ ರೋಗಿಗೆ ಅಪಾಯವಾಗದಷ್ಟು ಕಲಿತಿದ್ದಾರೆಯೇ ಎಂಬುದು, ಒಬ್ಬರು ಪಾಸಾದರೆ ಇನ್ನೊಬ್ಬರ ಜಾಗ ಹೋಗುವುದಿಲ್ಲ. ಪ್ರವೇಶ ಪರೀಕ್ಷೆಯಲ್ಲಿ ಹೋಗುತ್ತದೆ. ‘ಮೂರು ಸಲ ಬರೆದವನು ಎಂಥ ಡಾಕ್ಟರ್ ಆಗುತ್ತಾನೆ’ ಎಂಬ ಹೀಯಾಳಿಕೆ ಈ ಎರಡನ್ನೂ ಕಲಸಿದ್ದರಿಂದ ಬಂದದ್ದು. ಪ್ರವೇಶ ಪರೀಕ್ಷೆ ಡಾಕ್ಟರನ್ನು ಅಳೆಯುವುದಿಲ್ಲ, ಕಲಿಯಲು ಬರುವವರನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ಒಳಗೆ ಹೋದ ಮೇಲೆ ಎಲ್ಲರಿಗೂ ಒಂದೇ ಶವಾಗಾರ, ಒಂದೇ ವಾರ್ಡು, ಒಂದೇ ಅಂತಿಮ ಪರೀಕ್ಷೆ.

ಇಷ್ಟೆಲ್ಲ ತೂಗಿ ನೋಡಿದ ಮೇಲೆ ನನಗೆ ಸರಿಯೆನಿಸುವ ನಿಯಮವನ್ನು ಹೇಳಿಬಿಡುತ್ತೇನೆ. ಸರಾಸರಿಯ ನಿಯಮ ಲೆಕ್ಕದ ದೃಷ್ಟಿಯಿಂದ ಅಚ್ಚುಕಟ್ಟಾದರೂ, ನಡುವೆ ನಿಜವಾಗಿಯೂ ಕಲಿತವರನ್ನು ಅದು ಶಿಕ್ಷಿಸುತ್ತದೆ. ಜ್ವರದಲ್ಲಿ ಬರೆದ ಮೊದಲ ಅಂಕ ಅವರ ಬೆನ್ನು ಬಿಡುವುದೇ ಇಲ್ಲ. ಗರಿಷ್ಠ ಅಂಕದ ನಿಯಮ ಮೇಲೆ ತೋರಿಸಿದಂತೆ ಸಲಗಳ ಸಂಖ್ಯೆಗೆ ಬೆಲೆ ಕಟ್ಟುತ್ತದೆ. ಕೊನೆಯ ಅಂಕವೇ ಅಂತಿಮ, ಮತ್ತೆ ಬರೆಯಲು ಕೂತರೆ ಹಿಂದಿನದು ಅಳಿಸಿಹೋಗುತ್ತದೆ ಎಂಬ ನಿಯಮ ಇವೆರಡಕ್ಕಿಂತ ಮೇಲು. ಮೊದಲ ಸಲ ನನಗೆ ಅನ್ಯಾಯವಾಯಿತು ಎಂದು ನಿಜವಾಗಿ ನಂಬಿದವರು ಮತ್ತೆ ಬರೆಯುತ್ತಾರೆ, ಅದೃಷ್ಟ ಪರೀಕ್ಷಿಸಲು ಬರುವವರು ಎರಡು ಸಲ ಯೋಚಿಸುತ್ತಾರೆ. ಒಳ್ಳೆಯ ಅಂಕ ಬಂದ ಕೂಡಲೇ ನಿಲ್ಲಿಸುವ ಜಾಣತನಕ್ಕೆ ಇದರಲ್ಲೂ ಅವಕಾಶವಿದೆ ಎಂಬುದು ನಿಜ. ಆದರೆ ಕೈಯಲ್ಲಿದ್ದದ್ದನ್ನು ಕಳೆದುಕೊಳ್ಳುವ ಅಪಾಯ ಬರೆಯುವವರ ಮೇಲೆಯೇ ಇರುತ್ತದೆ. ಈ ನಿಯಮಕ್ಕೂ ಒಂದು ಷರತ್ತು ಬೇಕು. ಪರೀಕ್ಷೆ ವರ್ಷಕ್ಕೆ ಎರಡು ಸಲವಾದರೂ ನಡೆಯಬೇಕು, ಎರಡನೆಯದರ ಶುಲ್ಕ ಕಟ್ಟಲಾಗದವರಿಗೆ ಅದು ಉಚಿತವಾಗಿರಬೇಕು. ಒಂದಿಡೀ ವರ್ಷವನ್ನು ಪಣಕ್ಕಿಡಬೇಕಾದ ಕಡೆ ಹಿಂದಿನ ಅಂಕವನ್ನೂ ಅಳಿಸುತ್ತೇವೆ ಎನ್ನುವುದು ಕ್ರೌರ್ಯ.

ನಿಯಮ ಬದಲಾಗಲು ಕಾಲ ಬೇಕು. ಆದರೆ ನಾಳೆಯೇ ಮಾಡಬಹುದಾದ ಕೆಲಸವೊಂದಿದೆ. ಪ್ರತಿ ಪರೀಕ್ಷಾ ಸಂಸ್ಥೆಯ ಬಳಿಯೂ ನೋಂದಣಿಯ ದಾಖಲೆಗಳಿವೆ, ಸೀಟು ಹಂಚುವವರ ಬಳಿ ಪ್ರವೇಶದ ದಾಖಲೆಗಳಿವೆ. ಹೆಸರುಗಳನ್ನು ತೆಗೆದು, ಈ ವರ್ಷ ಸೀಟು ಪಡೆದವರಲ್ಲಿ ಎಷ್ಟು ಮಂದಿ ಮೊದಲ ಪ್ರಯತ್ನದವರು, ಎಷ್ಟು ಮಂದಿ ಎರಡನೆಯ, ಮೂರನೆಯ ಪ್ರಯತ್ನದವರು, ಮತ್ತು ಪ್ರತಿಯೊಂದು ಗುಂಪಿನಲ್ಲಿ ಯಾವ ಆದಾಯದ ಕುಟುಂಬಗಳವರು ಎಷ್ಟಿದ್ದಾರೆ ಎಂಬುದನ್ನು ಫಲಿತಾಂಶದ ಜೊತೆಗೆ ಪ್ರಕಟಿಸಲಿ. ಇದಕ್ಕೆ ಒಂದು ಸಮಿತಿ, ಒಂದು ಮೊಕದ್ದಮೆ ಬೇಕಾಗಬಾರದು. ಕಟ್ ಆಫ್ ಅಂಕವನ್ನು ದಶಮಾಂಶದ ಏಳು ಸ್ಥಾನಗಳವರೆಗೆ ಲೆಕ್ಕ ಹಾಕಿ ಪ್ರಕಟಿಸಬಲ್ಲ ವ್ಯವಸ್ಥೆಗೆ ಇದೊಂದು ಪಟ್ಟಿ ಭಾರವಾಗುವುದಿಲ್ಲ.